ಗುರುತಿಲ್ಲದ್ದನ್ನು ಬಿಟ್ಟು ಮುಂದೆ ಹೋಗು

ರಾಜೇಸಾಬ ಮಾಸ್ತರರು ತಮ್ಮ ಹಳೆಯ ಕಂಪ್ಯೂಟರಿನ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ, ರೋಣದಿಂದ ಗಜೇಂದ್ರಗಡದವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಕೌದಿಯೆಂದರೆ ನಿಮಗೂ ಗೊತ್ತಿರುತ್ತದೆ: ಸವೆದ ಸೀರೆ, ಹಳೆಯ ಧೋತರ, ಮಕ್ಕಳಿಗೆ ಗಿಡ್ಡವಾದ ಪರಕಾರ ಎಲ್ಲವೂ ಪದರಪದರವಾಗಿ ಕೂಡಿಕೊಂಡು ಇನ್ನೊಂದು ಆಯುಷ್ಯ ಪಡೆಯುವ ಹೊದಿಕೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಹಡಿಯ ಮೇಲೆ ನನ್ನ ಅಂಗಡಿ. ಮೆಟ್ಟಿಲು ಹತ್ತಿ ಬಂದವರು ಬೆವರೊರೆಸಿಕೊಳ್ಳುವ ಮೊದಲು ಕೌದಿಯ ಗಂಟು ಬಿಚ್ಚಿದರು.

"ಗಿರಿಜಾ, ಇದು ಉಸರು ಹಿಡ್ಯಾಕ ಹತ್ತೇತಿ ನೋಡವಾ. ಪೂರ್ತಿ ಸಾಯೂದ್ರಾಗ ಒಳಗಿನ ಮಾತು ತಗದು ಕೊಡು."

ಏಳನೆಯ ಇಯತ್ತೆಯಲ್ಲಿ ನನಗೆ ಕನ್ನಡ ಕಲಿಸಿದವರು ಅವರು. "ತಗೀತೀನ್ರಿ ಸರ, ಅದೇನ ದೊಡ್ಡ ಕೆಲಸ?" ಅಂದೆ. ನಮ್ಮ ಕಸುಬಿನ ಸೊಕ್ಕೆಲ್ಲ ಆ ಒಂದು ಮಾತಿನಲ್ಲಿ ಇತ್ತೆಂದು ಈಗ ಅನ್ನಿಸುತ್ತದೆ.

ನಾನು ಪ್ರೋಗ್ರಾಂ ಬರೆಯುವವಳು. ಗದಗಿನಲ್ಲಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದು, ಲಗ್ನಪತ್ರಿಕೆಗಳ ಅಕ್ಷರ ಜೋಡಿಸುತ್ತ, ನಡುನಡುವೆ ಎಲ್ಲೆಲ್ಲಿಯವರೋ ಬರೆದು ಹಾಕಿದ್ದನ್ನು ಪರದೆಯ ಮೇಲೆ ಓದಿ ಓದಿ ಈ ವಿದ್ಯೆ ಕಲಿತೆ. ಈಗ ದೂರದ ಕಂಪನಿಗಳ ಕೆಲಸವನ್ನೂ ಇಲ್ಲಿ ಕೂತೇ ಮಾಡುತ್ತೇನೆ. ಅಂತರ್ಜಾಲದಲ್ಲಿ ಮುಖ ಕಾಣದ ಸಾವಿರಾರು ಜನ ಕೂಡಿ ಬಾಳುವ ಒಂದು ಓಣಿ ನಮ್ಮದು. ಅಲ್ಲಿ ಕೇಳಿದವರಿಗೆ ವಿದ್ಯೆಯನ್ನು ಧಾರಾಳವಾಗಿ ಕೊಡುತ್ತಾರೆ, ಸುಳ್ಳೇಕೆ ಹೇಳಲಿ. ಆದರೆ ಜಾಣತನಕ್ಕಿರುವ ಮರ್ಯಾದೆ ಅಲ್ಲಿ ಜಾಗರೂಕತೆಗೆ ಇಲ್ಲ. ಲಗೂನೆ ಬರೆದು ಮುಗಿಸಿದವನು ಶೂರ, ಹತ್ತು ಸಾಲಿನ ಕೆಲಸವನ್ನು ಒಂದೇ ಸಾಲಿನಲ್ಲಿ ಮಾಡಿದವನು ಮಹಾಶೂರ. ಇದು ಯಾರದು, ಇದೇಕೆ ಹೀಗಿದೆ ಎಂದು ಕೇಳುತ್ತ ಕೂತವನನ್ನು ಮಂದನೆಂದು ಬದಿಗೆ ಸರಿಸುತ್ತಾರೆ. ನನ್ನನ್ನು ಯಾರೂ ಬದಿಗೆ ಸರಿಸಿರಲಿಲ್ಲ.

ಮಾಸ್ತರರ ಪೆಟ್ಟಿಗೆಯಲ್ಲಿ ಇದ್ದದ್ದು ಮಾತುಗಳು. ನಿಘಂಟಿನ ಮಾತುಗಳಲ್ಲ, ಜನರ ಬಾಯಿಯವು. ರೋಣ, ನರಗುಂದ, ಗಜೇಂದ್ರಗಡದ ಸುತ್ತಲಿನ ಸಾಲೆಗಳಲ್ಲಿ ಮೂವತ್ತು ವರ್ಷ ಕಲಿಸುತ್ತ, ಸಂಜೆಯ ಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ, ಮಗ್ಗದ ಮನೆಗಳ ಹೊಸ್ತಿಲಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಹಳೆಯ ಉತ್ತರಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬರೆದಿಟ್ಟಿದ್ದರು. ಮಳೆಯಾದ ಮೇಲೆ ಎರೆಮಣ್ಣು ಕಾಲಿಗೆ ಹತ್ತುವುದಕ್ಕೆ ಒಂದು ಮಾತು, ಹತ್ತಿದ್ದು ಒಣಗಿ ಬಿರಿದು ಉದುರುವುದಕ್ಕೆ ಇನ್ನೊಂದು. ಅತ್ತು ಸಾಕಾದ ಕೂಸು ಅಳುವ ಕಾರಣವನ್ನೇ ಮರೆತು ಬಿಕ್ಕುವುದಕ್ಕೆ ಮತ್ತೊಂದು. ನಿವೃತ್ತರಾದ ಮೇಲೆ ಹನ್ನೊಂದು ವರ್ಷ, ಎರಡೇ ಬೆರಳಿನಿಂದ, ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದರು. ಒಂದೊಂದು ಕಟ್ಟು ಮುಗಿದಂತೆ ಆ ಕಾಗದಗಳನ್ನು ಬಚ್ಚಲೊಲೆಗೆ ಹಾಕಿಬಿಟ್ಟಿದ್ದರು. "ಕಾಗದಕ್ಕ ಗೆದ್ದಲ ಹತ್ತತೈತಿ, ಮಷಿನ್ನಿಗೆ ಹತ್ತೂದಿಲ್ಲಲ್ಲ" ಎಂದು ಅವರು ನಕ್ಕಾಗ ನಾನೂ ನಕ್ಕಿದ್ದೆ.

ತೊಡಕಿದ್ದದ್ದು ಅಕ್ಷರದಲ್ಲಿ. ಅವರು ಬಳಸಿದ್ದು ಹಳೆಯ ಕಾಲದ ಫಾಂಟು. ಅದರ ಒಳಗಿರುವುದು ಇಂಗ್ಲಿಷಿನ ಚಿಹ್ನೆ, ಮೇಲಿರುವುದು ಕನ್ನಡದ ವೇಷ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ, ಅರ್ಥವಿಲ್ಲದ ಗೀಟುಗಳ ರಾಶಿಯಷ್ಟೆ ಉಳಿಯುತ್ತದೆ. ಅದನ್ನು ಇಂದಿನ ಯಂತ್ರಗಳೆಲ್ಲ ಬಲ್ಲ ಯೂನಿಕೋಡಿಗೆ ತಿರುಗಿಸಬೇಕು. ಕೇಳಲು ಸುಲಭ. ಆದರೆ 'ಸೂರ್ಯ' ಎನ್ನುವಾಗ ನಾವು ರಕಾರವನ್ನು ಮೊದಲು ನುಡಿಯುತ್ತೇವೆ, ಬರೆಯುವಾಗ ಅದನ್ನೇ ಅರ್ಕಾವೊತ್ತು ಮಾಡಿ ಕೊನೆಗೆ ಹಚ್ಚುತ್ತೇವಲ್ಲ. ಹಳೆಯ ಫಾಂಟು ಕೈ ಬರೆದ ಕ್ರಮವನ್ನು ಹಿಡಿದಿಡುತ್ತದೆ, ಹೊಸದು ನಾಲಗೆ ನುಡಿದ ಕ್ರಮವನ್ನು. ಕೈಗೂ ನಾಲಗೆಗೂ ನಡುವಿನ ಈ ವ್ಯಾಜ್ಯವನ್ನು ಬಗೆಹರಿಸಲು ನನಗೆ ಹದಿನೈದು ದಿನ ಹಿಡಿಯಿತು. ಕೊನೆಗೊಂದು ಮಧ್ಯಾಹ್ನ ಪರದೆಯ ಮೇಲೆ ಸೂರ್ಯ ಸರಿಯಾಗಿ ಮೂಡಿದಾಗ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಪ್ರೋಗ್ರಾಂ ಬರೆಯುವವರ ಹಬ್ಬಗಳು ಹೀಗೆಯೇ; ಒಬ್ಬರೇ ಆಚರಿಸುವಂಥವು, ಯಾರಿಗೂ ವಿವರಿಸಲಾಗದಂಥವು.

ಆ ಪ್ರೋಗ್ರಾಮಿನೊಳಗೆ ಒಂದು ಪಟ್ಟಿ ಇತ್ತು: ಹಳೆಯ ಈ ಚಿಹ್ನೆ ಬಂದರೆ ಹೊಸ ಈ ಅಕ್ಷರ ಹಾಕು. ಪಟ್ಟಿಯಲ್ಲಿ ಇಲ್ಲದ ಚಿಹ್ನೆ ಎದುರಾದರೆ? ನಿಂತು ನನ್ನನ್ನು ಕೇಳು ಎಂದು ಮೊದಲು ಬರೆದಿದ್ದೆ. ಅದು ಪುಟಕ್ಕೆ ಇಪ್ಪತ್ತು ಸಲ ನಿಂತು ಕೇಳತೊಡಗಿತು. ಹಳೆಯ ಫೈಲುಗಳಲ್ಲಿ ಇಂಥ ಕಸ ಇದ್ದೇ ಇರುತ್ತದೆ, ಲಗ್ನಪತ್ರಿಕೆಗಳಲ್ಲಿ ಎಷ್ಟು ನೋಡಿಲ್ಲ ಎಂದುಕೊಂಡು, ಬೇಸತ್ತು, ಆ ಸಾಲನ್ನು ಅಳಿಸಿ ಬೇರೆ ಬರೆದೆ: ಗುರುತಿಲ್ಲದ್ದು ಬಂದರೆ ಬಿಟ್ಟು ಮುಂದೆ ಹೋಗು. ಅಲ್ಲಿಂದ ಪ್ರೋಗ್ರಾಂ ಎಲ್ಲಿಯೂ ಎಡವಲಿಲ್ಲ. ಪುಟಗಳು ಮಿಂದು ಮಡಿಯುಟ್ಟಂತೆ ಸ್ವಚ್ಛವಾಗಿ ಬಂದವು. ಅರ್ಕಾವೊತ್ತು ಇರುವ ಮಾತುಗಳನ್ನೆಲ್ಲ ಹುಡುಕಿ ಹುಡುಕಿ ನೋಡಿದೆ, ಒಂದೂ ತಪ್ಪಿರಲಿಲ್ಲ. ನನ್ನಲ್ಲಿದ್ದ ಹಳೆಯ ಪ್ರತಿಗಳನ್ನು ಜಾಗಕ್ಕೆಂದು ಅಳಿಸಿ ಹಾಕಿದೆ. ಪೆಟ್ಟಿಗೆಯನ್ನು ಮಾಸ್ತರರು ಆಗಲೇ ಮನೆಗೊಯ್ದಿದ್ದರು. ಫೋನು ಮಾಡಿ ಹೇಳಿದೆ: "ಎಲ್ಲಾ ಬಂದೈತ್ರಿ ಸರ, ಒಂದಕ್ಷರ ಹೋಗಿಲ್ಲ. ಆ ಹಳೇ ಡಬ್ಬಿ ಇನ್ನ ಬ್ಯಾಡ್ರಿ." ಅಷ್ಟಕ್ಕೇ ನಿಲ್ಲದೆ, ಯಾರು ಬೇಕಾದರೂ ಬಳಸಲಿ ಎಂದು ಆ ಪ್ರೋಗ್ರಾಮನ್ನು ನಮ್ಮ ಕಾಣದ ಓಣಿಯಲ್ಲಿ ಪುಕ್ಕಟೆ ಇಟ್ಟೆ. ಎಲ್ಲಿಂದಲೋ ಶಾಬಾಸ್‌ಗಿರಿ ಬಂತು.

ಮೂರು ವಾರ ಕಳೆದು ಮಾಸ್ತರರು ಅಚ್ಚಿನ ಪುಟಗಳನ್ನು ಒಯ್ಯಲು ಬಂದರು. ಚಷ್ಮಾ ಏರಿಸಿಕೊಂಡು ಮೊದಲ ಪುಟ ನೋಡಿದರು, ಎರಡನೆಯದನ್ನು ನೋಡಿದರು, ನಡುವಿನದೊಂದನ್ನು ತೆಗೆದರು, ಮತ್ತೆ ಮೊದಲಿನದಕ್ಕೆ ಬಂದರು.

"ಗಿರಿಜಾ, ಗುರುತು ಎಲ್ಲಿ ಹಾಕೀದಿ?"

"ಯಾವ ಗುರುತ್ರಿ ಸರ?"

"ಮಾತಿನ ಮುಂದ ದುಂಡಗಿನ ಬಳಿ ಗೀಟು ಇದ್ದಿಲ್ಲೇನು? ಬಳಿ ಅಂದ್ರ ರೋಣದ ಕಡೇದು. ಕೊಕ್ಕಿ ಅಂದ್ರ ನರಗುಂದದ ಕಡೇದು. ಎರಡ ಚುಕ್ಕಿ ನಿಮ್ಮ ಗಜೇಂದ್ರಗಡದ ಗುಡ್ಡದ ಕಡೇದು. ಮತ್ತ ಗುಣಾಕಾರದ ಗುರುತ ಇತ್ತಲ್ಲ, ಅದು ಒಬ್ಬರ ಬಾಯಾಗ ಅಷ್ಟ ಕೇಳಿದ್ದು. ಅವರು ಹೋದ್ರ ಆ ಮಾತೂ ಹೋತು, ಅಂಥಾವು."

ಫಾಂಟಿನಲ್ಲಿ ಬಳಕೆಗೆ ಬಾರದ ನಾಲ್ಕು ಕೀಲಿಗಳಿದ್ದವು. ಅವುಗಳಿಂದ ಮೂಡುವ ಗೀಟುಗಳನ್ನೇ ಮಾಸ್ತರರು ತಮ್ಮ ಗುರುತಾಗಿ ಮಾಡಿಕೊಂಡಿದ್ದರು. ಆ ಬಳೆ, ಆ ಕೊಕ್ಕೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ಬಿದ್ದಿದ್ದವು. ಪ್ರೋಗ್ರಾಂ ಪುಟಕ್ಕೆ ಇಪ್ಪತ್ತು ಸಲ ನಿಂತು ನನ್ನನ್ನು ಕೇಳಿದ್ದು ಅವನ್ನೇ.

"ಕಸ ಅಂತ ತಿಳದು..." ಎಂದೆ.

"ಕಸ," ಎಂದರು ಮಾಸ್ತರರು, ಯಾವುದೋ ಊರಿನಲ್ಲಿ ಹೊಸ ಮಾತೊಂದನ್ನು ಕೇಳಿದವರಂತೆ ಮೆಲ್ಲಗೆ.

ಅದೇ ತಾಸಿಗೆ ಇಬ್ಬರೂ ರೋಣದ ಬಸ್ಸು ಹತ್ತಿದೆವು. ನಾನು ಫೋನು ಮಾಡಿದ ವಾರವೇ ಅವರು ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದರು. ಗುಜರಿಯವನು ಕೆಟ್ಟ ಮನುಷ್ಯನಲ್ಲ. ನಮ್ಮ ಮುಖ ನೋಡಿ ತಾನೇ ಎದ್ದು ತಗಡಿನ ರಾಶಿಯನ್ನು ಕೆದರಿ ತೋರಿಸಿದ. "ಅದನ್ನ ಒಡದು, ತಗಡ ಬ್ಯಾರೆ, ವಾಯರ ಬ್ಯಾರೆ ಮಾಡಿ ಹುಬ್ಬಳ್ಳಿಗೆ ಕಳಿಸಿ ಎಂಟ ದಿನಾ ಆತ್ರಿ ಮಾಸ್ತರ. ಮದ್ಲ ಹೇಳೂದಲ್ರಿ?" ಅಂದ. ನಾನು ಅಂಗಡಿಗೆ ಮರಳಿ, ಅಳಿಸಿದ ಪ್ರತಿಗಳನ್ನು ಮೇಲೆತ್ತಲು ಮೂರು ದಿನ ಹೆಣಗಿದೆ. ಅವು ಇದ್ದ ಜಾಗದ ಮೇಲೆ ಹೊಸ ಕೆಲಸ ಬಂದು ಕೂತಿತ್ತು.

ನೋಡಿ, ನಮ್ಮೂರಿನ ಮಗ್ಗದಲ್ಲಿ ಎಳೆಯೊಂದು ಹರಿದರೆ ನೇಯುವವಳ ಬೆರಳಿಗೆ ಕೂಡಲೆ ತಿಳಿಯುತ್ತದೆ. ಕಣ್ಣಿಗೆ ತಪ್ಪಿದರೂ ಸೀರೆ ಕೊಳ್ಳುವವಳು ಬೆಳಕಿಗೆ ಹಿಡಿದು ತೋರಿಸುತ್ತಾಳೆ. ಬಡಿಗನ ತಪ್ಪು ಬಾಗಿಲು ಮುಚ್ಚುವಾಗ ಕಿರುಗುಟ್ಟುತ್ತದೆ. ನಮ್ಮ ತಪ್ಪಿಗೆ ಸದ್ದಿಲ್ಲ. ಅದು ಸ್ವಚ್ಛತೆಯ ರೂಪ ತೊಟ್ಟು ಬರುತ್ತದೆ, ವೇಗದ ರೂಪ ತೊಟ್ಟು ಬರುತ್ತದೆ, ಶಾಬಾಸ್ ಎನ್ನಿಸಿಕೊಳ್ಳುತ್ತದೆ. ನನಗೆ ಗೊತ್ತಿಲ್ಲದ್ದೆಲ್ಲ ಕಸ ಎಂಬ ಭಾವನೆಯನ್ನು ಮನುಷ್ಯರು ಮನಸ್ಸಿನಲ್ಲಿ ಇಟ್ಟುಕೊಂಡರೆ ಎಂದಾದರೂ ಯಾರಾದರೂ ಎದುರು ನಿಂತು ಜಗಳವಾಡಿ ತಿದ್ದಬಹುದು. ಅದನ್ನೇ ಒಂದು ಸಾಲಾಗಿ ಬರೆದು ಯಂತ್ರಕ್ಕೆ ಕೊಟ್ಟರೆ ಅದು ದಣಿಯದೆ, ಅನುಮಾನಿಸದೆ, ಸಾವಿರ ಪುಟಗಳುದ್ದಕ್ಕೂ ಪಾಲಿಸುತ್ತದೆ.

ನಮ್ಮ ಕಾಣದ ಓಣಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡು ಬರೆದೆ. ಪ್ರತಿ ಇಟ್ಟುಕೊಳ್ಳದೆ ಅಳಿಸಿದೆಯಾ ಎಂದು ಕೆಲವರು ನಕ್ಕರು. ಇಂಥದ್ದು ನಮಗೆಲ್ಲ ಆಗಿದೆ ಎಂದು ಉಳಿದವರು ತಮ್ಮ ತಮ್ಮ ಅವಾಂತರಗಳನ್ನು ಹೇಳಿಕೊಂಡರು. ಆ ಸಮಾಧಾನವೇ ನನ್ನನ್ನು ಹೆಚ್ಚು ಹೆದರಿಸಿತು. ನಾವು ಹಾಳು ಮಾಡಿದ್ದೆಲ್ಲ ನಮ್ಮಲ್ಲಿ ಚಹಾದ ಹೊತ್ತಿನ ಕಥೆಯಾಗುತ್ತದೆ. ಹಾಳಾದದ್ದು ಯಾರದೋ ಅವರು ಆ ಚಹಾಕ್ಕೆ ಬಂದಿರುವುದಿಲ್ಲ. ಆ ಸಾಲನ್ನು ತಿದ್ದಿ, ಹಳೆಯದನ್ನು ಬಳಸಿದವರು ತಮ್ಮ ಪುಟಗಳನ್ನು ಮತ್ತೆ ನೋಡಿಕೊಳ್ಳಿರೆಂದು ಎಚ್ಚರಿಕೆ ಹಾಕಿದೆ. ನೂರಾರು ಜನ ಅದಾಗಲೇ ಒಯ್ದಿದ್ದರು. ಯಾರ ಯಾವ ಗುರುತುಗಳು ಹೋದವೋ, ಹೋದದ್ದು ಅವರಿಗೆ ತಿಳಿಯಿತೋ ಇಲ್ಲವೋ. ಎಚ್ಚರಿಕೆಯ ಕೆಳಗೆ ಬಂದದ್ದು ಒಂದೇ ಉತ್ತರ: ನಮ್ಮಲ್ಲಿ ಚೆನ್ನಾಗಿ ನಡೆಯುತ್ತಿದೆ, ಧನ್ಯವಾದ.

ಮಾಸ್ತರರು ನೆನಪಿನಿಂದಲೇ ಗುರುತು ಹಾಕುತ್ತೇನೆಂದು ದಿನಾ ಬೆಳಿಗ್ಗೆ ಬಂದು ನನ್ನ ಅಂಗಡಿಯಲ್ಲಿ ಕೂತರು. ನಾನು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಮೊದಲೆರಡು ದಿನ ಮಾತಿನ ಹಿಂದೆಯೇ ಮುಖಗಳು ಬಂದವು: ಇದು ಇಟಗಿಯ ಕುಂಬಾರ ಹೇಳಿದ್ದು, ಇದು ನರಗುಂದದ ಬಸ್ಸಿನಲ್ಲಿ ಬೀಗತಿಯರ ಜಗಳದಲ್ಲಿ ಸಿಕ್ಕದ್ದು. ಮೂರನೆಯ ದಿನಕ್ಕೆ ಮುಖಗಳು ತಡವಾಗಿ ಬರತೊಡಗಿದವು. ಐದನೆಯ ದಿನ ಒಂದು ಮಾತನ್ನು ಮೂರು ಸಲ ಓದಿಸಿಕೊಂಡರು, ಮುಖ ಬರಲಿಲ್ಲ.

"ಅಂದಾಜಿಲೆ ಒಂದು ಹಾಕ್ರಿ ಸರ, ಸಮೀಪ ಆಗತೈತಿ," ಅಂದೆ.

ಅವರು ಪೆನ್ನಿನ ಟೊಪ್ಪಿಗೆ ಹಾಕಿದರು. "ಅಂದಾಜಿಲೆ ಹಾಕಿದ್ರ ಅದು ಗುರುತಲ್ಲವಾ, ಸುಳ್ಳು. ಅರ್ಧಾ ಖರೇ ಅರ್ಧಾ ಸುಳ್ಳ ಕೂಡಿದ್ರ ಯಾವದು ಯಾವದಂತ ಆಮ್ಯಾಲೆ ನನಗೂ ತಿಳಿಯೂದಿಲ್ಲ." ಹಾಕಿದ್ದ ಗುರುತುಗಳನ್ನೂ ತೆಗೆಸಿಬಿಟ್ಟರು. ಮರುದಿನದಿಂದ ಬರಲಿಲ್ಲ.

ಪುಸ್ತಕ ಗುರುತಿಲ್ಲದೆಯೇ ಅಚ್ಚಾಯಿತು. ಗಿರಿಜಾಳ ಶ್ರಮವಿಲ್ಲದಿದ್ದರೆ ಈ ಹೊತ್ತಗೆ ಬೆಳಕು ಕಾಣುತ್ತಿರಲಿಲ್ಲ ಎಂದು ಮುನ್ನುಡಿಯಲ್ಲಿ ಬರೆದಿದ್ದರು. ಆ ಸಾಲು ತೆಗೆಯಿರೆಂದು ಕೈಮುಗಿದು ಕೇಳಿದರೂ ಅವರು ತೆಗೆಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬಿಡುಗಡೆ ರೋಣದಲ್ಲಿ, ಒಂದು ಸಾಲೆಯ ಕೋಣೆಯಲ್ಲಿ. ಮೂವತ್ತು ಜನ ಬಂದಿದ್ದರು. ಭಾಷಣ ಮುಗಿದು ಚುರಮರಿ ಹಂಚುವಾಗ, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಪುಸ್ತಕ ಹಿಡಿದುಕೊಂಡು ನಮ್ಮ ಬಳಿ ಬಂದಳು. ಹೆಸರು ನೀಲವ್ವ, ಚಿಕ್ಕನರಗುಂದದವಳು.

"ಸರ, ನಮ್ಮವ್ವನ ಮಾತು ಯಾವ ಹಾಳಿಯಾಗ ಅದಾವ್ರಿ? ನಮ್ಮನಿ ಕಟ್ಟಿಮ್ಯಾಲೆ ಕುಂತು ಬರಕೊಂಡಿದ್ರೆಲ್ಲ. ನಿಮ್ಮವ್ವ ಅನ್ನೂವಂಥಾ ಮಾತು ಬ್ಯಾರೆ ಯಾರೂ ಅನ್ನೂದಿಲ್ಲ, ಬ್ಯಾರೆ ಗುರುತ ಹಾಕ್ತೀನಿ ಅಂದಿದ್ರಿ. ಆಕಿ ಹೋಗಿ ಆರು ವರ್ಷ ಆತ್ರಿ. ಹ್ಯಾಂಗ ಮಾತಾಡತಿದ್ಲು ಅನ್ನೂದ ಮರತ ಹೊಂಟೇತಿ."

ಮಾಸ್ತರರು ಚಷ್ಮಾ ತೆಗೆದು ಜೇಬಿಗಿಟ್ಟರು. ಏನಾದರೂ ಹೇಳಬೇಕಿತ್ತು, ಆಗಿದ್ದನ್ನು ಆಗಿದ್ದಂತೆಯೇ ನಾನೇ ಹೇಳಬೇಕಿತ್ತು. ನಾನು ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಹಾಳೆ ತಿರುವಿದೆ. ಕಣ್ಣಿಗೆ ಬಿದ್ದ ಒಂದು ಮಾತು ಹಳೆಯ ಕಾಲದ ಮುದುಕಿಯೊಬ್ಬಳ ಬಾಯಿಗೆ ಒಪ್ಪುವಂತೆ ಕಂಡಿತು. ಬೆರಳಿಟ್ಟು, "ಇದು ನೋಡ್ರಿ, ಇದು ನಿಮ್ಮವ್ವಂದು," ಅಂದೆ.

ನೀಲವ್ವ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಮಾತನ್ನು ಓದಿದಳು, ತುಟಿಯೊಳಗೇ ಇನ್ನೊಮ್ಮೆ ನುಡಿದು ನೋಡಿದಳು. ಆಮೇಲೆ ಮಾಸ್ತರರು ಬರೆದ ಅರ್ಥವನ್ನು ಓದಿದಳು: ಜೋಳ ತುಂಬಿ ಮುಚ್ಚಿದ ನೆಲದೊಳಗಿನ ಹಗೇವಿನ ಬಾಯಿ ತೆರೆದಾಗ ಮೊದಲು ಮುಖಕ್ಕೆ ಹೊಡೆಯುವ ಬಿಸಿ ಗಾಳಿ.

"ನಮ್ಮನ್ಯಾಗ ಹಗೇವ ಇದ್ದಿದ್ದಿಲ್ರೀ ಅಕ್ಕಾರ," ಅಂದಳು. "ತುಂಬಾಕ ಜ್ವಾಳ ಎಲ್ಲಿದ್ದೂವು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಾಸ್ತರರು ನನ್ನ ಕಡೆ ನೋಡಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡು ಕೂತರು. ನೀಲವ್ವ ಪುಸ್ತಕವನ್ನು ಮುಚ್ಚಿ, ಸೆರಗಿನಿಂದ ಅದರ ಹೊದಿಕೆಯನ್ನು ಒಮ್ಮೆ ಒರೆಸಿ, ನನ್ನ ಕೈಗೆ ಕೊಟ್ಟಳು.

"ಇದು ಬ್ಯಾರೆ ಯಾರದೋ ಅವ್ವನ ಮಾತ್ರಿ."