ಅರ್ಧ ಇಂಚಿಗೊಂದು ಬಿಜಾಗರಿ

ಶಿರ್ತಾಡಿಯ ನಮ್ಮ ಅಡುಗೆಕೋಣೆಯ ಬಾಗಿಲಲ್ಲಿ ಆ ಬೆಳಿಗ್ಗೆ ಮೂವರಿದ್ದೆವು. ಗಾಲಿಕುರ್ಚಿಯಲ್ಲಿ ದೊಡ್ಡಮ್ಮ, ಹಿಂದಿನಿಂದ ದೂಡುತ್ತಿದ್ದ ನಾನು, ಒಳಗೆ ಸೌಟು ಹಿಡಿದು ನಿಂತ ನನ್ನ ಹೆಂಡತಿ ಸುಮತಿ. ಮೀನಿನ ವಾಸನೆಗೆ ಬಂದ ಬೆಕ್ಕೂ ಇತ್ತು. ಸಲೀಸಾಗಿ ಒಳಗೆ ಹೋದದ್ದು ಅದೊಂದೇ. ಕುರ್ಚಿ ಬಾಗಿಲಲ್ಲಿ ಸಿಕ್ಕಿಬಿತ್ತು.

ಸೊಂಟದ ಮೂಳೆ ಮುರಿದು ಮೂರು ತಿಂಗಳು ಮಲಗಿದ್ದ ದೊಡ್ಡಮ್ಮನಿಗೆ ಇದ್ದದ್ದು ಒಂದೇ ಆಸೆ, ಅಡುಗೆಕೋಣೆಗೆ ಹೋಗಬೇಕು. ನನ್ನನ್ನು ಸಾಕಿದವರು ಅವರು. ನಾನು ಚಿಕ್ಕವನಿದ್ದಾಗ ಸೊಂಟದಲ್ಲೊಂದು, ಕೈಯಲ್ಲೊಂದು ಕೊಡಪಾನ ಹಿಡಿದು ಇದೇ ಬಾಗಿಲಲ್ಲಿ ನುಗ್ಗುತ್ತಿದ್ದರು. ಬಾಗಿಲ ಚೌಕಟ್ಟನ್ನು ನಮ್ಮಲ್ಲಿ ದಾರಂದ ಎನ್ನುತ್ತಾರೆ. ಒಂದು ದಿನವೂ ಕೊಡ ದಾರಂದಕ್ಕೆ ತಾಗಿದ್ದಿಲ್ಲ. ಈಗ ಚಾವಡಿಯಲ್ಲಿ ಕೂತು, ಒಗ್ಗರಣೆಯ ಸದ್ದು ಕೇಳಿಯೇ "ಸಾಸಿವೆ ಕರಟಿತು!" ಎಂದು ಕೂಗುತ್ತಿದ್ದರು. ಹೆಚ್ಚಿನ ಸಲ ಅದು ನಿಜವೇ ಆಗಿರುತ್ತಿತ್ತು ಎಂಬುದು ಸುಮತಿಯ ಸಂಕಟ.

ಅಳೆದೆ. ಕುರ್ಚಿ ಇಪ್ಪತ್ತಾರು ಇಂಚು. ಬಾಗಿಲು ತೆರೆದರೆ ಸಿಗುವ ದಾರಿ ಇಪ್ಪತ್ತೈದೂವರೆ. ಅರ್ಧ ಇಂಚು ತಾನೇ ಎಂದುಕೊಂಡು, ಕೀಸುಳಿ ಹಿಡಿದು ಬಾಗಿಲ ಅಂಚನ್ನು ಅರ್ಧ ಇಂಚು ಹೆರೆದುಬಿಟ್ಟೆ. ಬೆವರು ಒರೆಸಿಕೊಂಡು ದೂಡಿದರೆ, ಕುರ್ಚಿ ಮೊದಲು ಸಿಕ್ಕಿದಲ್ಲೇ ಸಿಕ್ಕಿತು.

ಕೊನೆಗೆ ಮೂಡುಬಿದಿರೆಯಿಂದ ಮರಗೆಲಸದ ಸದಾಶಿವ ಆಚಾರಿಯನ್ನು ಕರೆಸಿದೆ. ಅವರು ಬಾಗಿಲನ್ನೂ ನನ್ನನ್ನೂ ನೋಡಿದರು.

"ತೆರೆದ ಬಾಗಿಲಿನ ಅಗಲ ಆಚೆ ಹೋಗ್ತದೆ. ದಾರಿಗೆ ಅಡ್ಡ ನಿಲ್ಲುವುದು ಅದರ ದಪ್ಪ. ನೀವು ಅಗಲ ಕೆತ್ತಿದ್ದೀರಲ್ಲ ಮಾರಾಯ್ರೆ!"

ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಅದನ್ನು ಆಚಾರಿಗೆ ಹೇಳಲಿಲ್ಲ. ದೊಡ್ಡಮ್ಮ ಹೇಳಿದರು.

"ದಾರಂದವನ್ನೇ ಒಡೆದು ಅಗಲ ಮಾಡುವ" ಎಂದೆ.

"ನಿನ್ನ ದೊಡ್ಡಪ್ಪ ಆಯ ನೋಡಿ, ಮುಹೂರ್ತ ನೋಡಿ ಇಟ್ಟದ್ದು ಅದು. ನಾನು ಬೇಕಾದರೆ ಹೊರಗೇ ಕೂತುಕೊಳ್ತೇನೆ. ಅದನ್ನು ಮುಟ್ಟಬೇಡ" ಎಂದರು ದೊಡ್ಡಮ್ಮ.

"ಹಾಗಾದರೆ ಬಾಗಿಲನ್ನೇ ಕಳಚಿಡುವ."

"ಅಡುಗೆಕೋಣೆಯನ್ನು ಬೆಕ್ಕಿನ ಹೆಸರಿಗೆ ಬರೆದುಕೊಡು, ಸುಲಭ ಉಂಟು."

ಹಿಂದಿನ ಮನೆಗಳ ಬಾಗಿಲುಗಳಿಗೆ ತಿರುಗಲು ಬಿಜಾಗರಿಯೇ ಇರಲಿಲ್ಲ. ಹಲಗೆಯ ಮೇಲೆ ಕೆಳಗೆ ಬಿಟ್ಟ ಮರದ ಗೂಟ ಕುಳಿಯೊಳಗೆ ಕಿರ್ರೆಂದು ತಿರುಗುತ್ತಿತ್ತು. ಬಂದವರು ಯಾರೆಂದು ಆ ಸದ್ದಿನಲ್ಲೇ ಗುರುತು ಹಿಡಿಯುವ ಅಜ್ಜಿಯರನ್ನು ನಾನು ಕಂಡಿದ್ದೇನೆ. ಕಬ್ಬಿಣದ ಬಿಜಾಗರಿ ಬಂದ ಮೇಲೆ ಬಾಗಿಲು ಮೌನಿಯಾಯಿತು. ನಾವು ಚಿಲಕವನ್ನು ತಿಕ್ಕಿ ಹೊಳೆಯಿಸುತ್ತೇವೆ. ಬಿಜಾಗರಿ ನೆನಪಾಗುವುದು ಅದು ಕಿರುಗುಟ್ಟಿದಾಗಲೇ. ಮನೆಯಲ್ಲಿ ಕೆಲವರ ಪಾಡೂ ಹಾಗೆಯೇ.

ಆಚಾರಿ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಮೊಣಕೈಯಂತೆ ಮಡಚಿದ ಒಂದು ಬಿಜಾಗರಿ ಬರೆದರು. "ಇದು ಹಾಕಿದರೆ ಬಾಗಿಲು ತೆರೆದಾಗ ದಾರಂದದಿಂದ ಪೂರಾ ಹೊರಗೆ ಸರಿದು ನಿಲ್ತದೆ. ಅದರ ದಪ್ಪದಷ್ಟು, ಒಂದೂವರೆ ಇಂಚು, ನಿಮಗೆ ಸಿಗ್ತದೆ."

ಅಂಗಡಿಗಳಲ್ಲಿ ಅಂಥದ್ದು ಇರಲಿಲ್ಲ. ಬೆಳ್ತಂಗಡಿಯ ವೆಲ್ಡಿಂಗ್‌ನವನಲ್ಲಿ ಮೂರು ಮಾಡಿಸಿ ತಂದು ಕೂರಿಸಿದರು. ಮೊದಲು ಬಾಗಿಲು ಜೋತು ನೆಲಕ್ಕೆ ಉಜ್ಜಿತು. ಕೆಳಗಿನ ಬಿಜಾಗರಿಯ ಹಿಂದೆ ರಟ್ಟಿನ ತುಂಡು ಕೊಟ್ಟ ಮೇಲೆ ಎದ್ದು ನಿಂತಿತು. ನಾನು ಹೆರೆದ ಅಂಚಿಗೆ ಪಟ್ಟಿ ಹೊಡೆಯುತ್ತ, "ಇದು ನಿಮ್ಮ ಗಣಿತದ ತಿದ್ದುಪಡಿ" ಎಂದರು.

ಕುರ್ಚಿ ದೂಡಿದೆ. ಎರಡೂ ಕಡೆ ಅರ್ಧರ್ಧ ಇಂಚು ಬಿಟ್ಟು ಅದು ಒಳಗೆ ಹೋಯಿತು. ಸುಮತಿ ಒಲೆಯ ಮುಂದಿನಿಂದ ಸರಿದು ಸೌಟನ್ನು ಮುಂದೆ ಹಿಡಿದಳು. ದೊಡ್ಡಮ್ಮ ಅದನ್ನು ತೆಗೆದುಕೊಳ್ಳಲಿಲ್ಲ. ಕೋಣೆಯನ್ನೆಲ್ಲ ಒಮ್ಮೆ ನೋಡಿದರು.

"ಒಲೆ ನಿನ್ನದೇ ಇರಲಿ ಸುಮತಿ. ಆ ತೊಂಡೆಕಾಯಿ ಇತ್ತ ಕೊಡು. ಹೆಚ್ಚಿ ಕೊಡ್ತೇನೆ."

ನಾನು ಹೊರಗೆ ಬಂದೆ. ಒಳಗೆ ಮಾತು ಶುರುವಾಯಿತು, ನಿಲ್ಲಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತರೆ, ಮಾತಿನ ಭರದಲ್ಲಿ ಪಲ್ಯಕ್ಕೆ ಉಪ್ಪು ಹಾಕಲು ಇಬ್ಬರೂ ಮರೆತಿದ್ದರು. ನಾನು ಎರಡನೆಯ ಸಲ ಬಡಿಸಿಕೊಂಡು ಉಂಡೆ.