ಕಿವಿ ಮೇಸ್ತ್ರಿ ಮತ್ತು ಅಕ್ಕನ ಸೈಕಲ್

ಆ ಸೈಕಲ್ ರಿಪೇರಿಯವನನ್ನು ಊರೆಲ್ಲ ಕಿವಿ ಮೇಸ್ತ್ರಿ ಎನ್ನುತ್ತಿತ್ತು. ಹಿಂದಿನ ಚಕ್ರದ ಹಬ್‌ನ ಹೊಟ್ಟೆಯೊಳಗೆ ಮೂರು ಗೇರು ಅಡಗಿಸಿಟ್ಟುಕೊಂಡ ಹಳೆಯ ಸೈಕಲ್‌ಗಳೆಂದರೆ ಅವನಿಗೆ ಪ್ರಾಣ. ಹೊರಗೆ ಹಲ್ಲು ಕಿರಿಯುವ ಗೇರುಗಳು ಬಂದ ಮೇಲೆ ಉಳಿದ ಅಂಗಡಿಗಳು ಅವುಗಳ ಬೆನ್ನು ಹತ್ತಿದವು. ಇವನು ಜಪ್ಪಯ್ಯ ಎಂದರೂ ಬದಲಾಗಲಿಲ್ಲ. ಧೂಳು ತಾಕದ ಗೇರು ಬಿಟ್ಟು ಬಯಲಲ್ಲಿ ನೇತಾಡುವ ಗೇರಿಗೆ ಮರುಳಾಗುವುದು ಅವನ ಪ್ರಕಾರ ಮನೆಯಿದ್ದೂ ಬೀದಿಯಲ್ಲಿ ಮಲಗಿದಂತೆ.

ಹಬ್ ಬಿಚ್ಚದೆಯೇ ಕಾಯಿಲೆ ಹೇಳುತ್ತಿದ್ದ. ಚಕ್ರ ತಿರುಗಿಸಿ, ಒಳಗಿನ ಕೊಕ್ಕೆಗಳ ಟಿಕ್ ಟಿಕ್ ಕೇಳುತ್ತ ಗೇರಿನ ಕೇಬಲ್ ಬಿಗಿ ಮಾಡುತ್ತಿದ್ದ. ಅದು ಕೂದಲೆಳೆಯಷ್ಟು ತಪ್ಪಿದರೂ ಎರಡು ಗೇರುಗಳ ನಡುವೆ ಹಿಡಿತ ಹೋಗಿ ಪೆಡಲ್ ಬರಿದೇ ತಿರುಗುತ್ತದೆ. ಚಕ್ರದ ಅಚ್ಚಿನ ತುದಿಯ ತೂತಿನಲ್ಲಿ ಕಾಣುವ ಗುರುತು ನೋಡಿಯೂ ಕೇಬಲ್ ಬಿಗಿ ಮಾಡಬಹುದು. ಅದು ಕಲಿಯುವವರ ಕೆಲಸವೆಂದು ಅವನು ಮೂಗು ಮುರಿಯುತ್ತಿದ್ದ.

ಅಂಥವನಿಗೆ ಕಿವಿ ಮಂದವಾಯಿತು. ಯಾರಿಗೂ ಹೇಳಲಿಲ್ಲ. ಕೈಯಂದಾಜಿನಲ್ಲೇ ದಿನ ದೂಡಿದ.

ಅವನ ಅಕ್ಕ ಟಪಾಲು ಹಂಚುವವಳು. ಒಂದು ಬೆಳಿಗ್ಗೆ ಅವನು ಸರಿಮಾಡಿಕೊಟ್ಟ ಸೈಕಲ್ಲಿನಲ್ಲಿ, ಅಂಗಡಿ ಎದುರಿನ ಏರಿನಲ್ಲೇ, ಎದ್ದು ನಿಂತು ತುಳಿದಳು. ಪೆಡಲ್ ಬರಿದೇ ತಿರುಗಿ ದಬಕ್ಕನೆ ಬಿದ್ದಳು. ಮೊಣಕಾಲು ತರಚಿತು, ಟಪಾಲು ಚೆಲ್ಲಾಪಿಲ್ಲಿಯಾಯಿತು. ಸೈಕಲ್ ತಳ್ಳಿಕೊಂಡು ಅವಳು ವಾಪಸು ಬಂದಾಗ ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಅಕ್ಕನೇ ಬೇರೆ ಅಂಗಡಿಗೆ ಹೋದರೆ ಈ ಅಂಗಡಿಯ ಬಾಗಿಲು ತೆರೆದೂ ಫಲವಿಲ್ಲ.

ಕಿವಿ ಕೇಳಿಸುತ್ತಿಲ್ಲವೆಂದು ಕೊನೆಗೂ ಬಾಯಿಬಿಟ್ಟ.

"ಗೊತ್ತು ಕಣೋ," ಎಂದಳು ಅಕ್ಕ, ಗಂಟಲು ಹರಿಯುವಂತೆ. "ಇಷ್ಟು ದಿನ ನಾನ್ಯಾಕೆ ಕಿರುಚ್ತಿದ್ದೆ ಅಂದ್ಕೊಂಡೆ?"

"ನಿನ್ನ ಸ್ವಭಾವ ಅಂದ್ಕೊಂಡಿದ್ದೆ."

ಅವಳು ನಗಲಿಲ್ಲ. ಸೈಕಲ್ಲನ್ನು ಅವನ ಮುಂದೆಯೇ ನಿಲ್ಲಿಸಿದಳು. "ಗುರುತು ನೋಡಿ ಬಿಗಿ ಮಾಡು. ನಾನು ಇದರಲ್ಲೇ ಆ ಏರು ಹತ್ತೋದು."

ಮೇಸ್ತ್ರಿ ಮಂಡಿಯೂರಿ ತೂತಿಗೆ ಕಣ್ಣಿಟ್ಟ. ಗುರುತು ಅವನ ಕಣ್ಣಿಗೆ ಮಸುಕಾಗಿ ಕಂಡಿತು. ಅಕ್ಕ ತನ್ನ ಕನ್ನಡಕ ತೆಗೆದುಕೊಟ್ಟಳು. ನೋಡಿದ, ತಿರುಪು ತಿರುಗಿಸಿದ, ನಂಬಿಕೆ ಬಾರದೆ ಮತ್ತೊಮ್ಮೆ ನೋಡಿದ.

ಕನ್ನಡಕ ಹಾಕಿಕೊಂಡು ಅಕ್ಕ ಹೊರಟಳು. ಅದೇ ಏರಿನಲ್ಲಿ, ಅದೇ ಜಾಗದಲ್ಲಿ, ಎದ್ದು ನಿಂತಳು. ಪೆಡಲ್ ಹಿಡಿಯಿತು. ಮೇಲೆ ನಡೆದು ಹೋಗುತ್ತಿದ್ದ ಜನ ಒಮ್ಮೆಲೇ ಪಕ್ಕಕ್ಕೆ ಸರಿದರು; ಅಕ್ಕ ಬೆಲ್ ಬಾರಿಸಿದ್ದಾಳೆಂದು ಅವನಿಗೆ ತಿಳಿದದ್ದು ಅದರಿಂದಲೇ.