ಆಕಾಶದ ಕಲ್ಲಿಗೆ ಗ್ರೇಡ್ ಎಷ್ಟು?

ಕಳೆದ ಬುಧವಾರ ಸಂಡೂರಿನಲ್ಲಿ ಹೊಸಪೇಟೆ ಬಸ್ ಹತ್ತಿದಾಗ ನನ್ನ ಕೈಚೀಲದಲ್ಲಿ ಒಂದು ಕಲ್ಲಿತ್ತು. ಗಾತ್ರದಲ್ಲಿ ಒಂದು ತೆಂಗಿನಕಾಯಿ, ತೂಕದಲ್ಲಿ ನಾಲ್ಕು. ಚೀಲ ಕಾಲಿಗೆ ತಗುಲಿದ್ದಕ್ಕೆ ಕಂಡಕ್ಟರ್ ಬಗ್ಗಿ ನೋಡಿದ.

"ಸ್ಯಾಂಪಲ್ಲೇನ್ರಿ?"

ಹ್ಞೂಂ ಅಂದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಯಾಕಾದೀತು? ಈಗ ನಮ್ಮ ಕಡೆ ಹೊಲದಲ್ಲಿ ಕೆಂಪು ಕಲ್ಲು ಕಂಡವರೆಲ್ಲ ಅದನ್ನು ಹೊತ್ತು ಅದಿರು ಪರೀಕ್ಷಿಸುವ ಹೊಸಪೇಟೆಯ ಲ್ಯಾಬ್‌ಗೆ ಓಡುವವರೇ.

ಆದರೆ ನನ್ನದು ಕಬ್ಬಿಣದ ಅದಿರಲ್ಲ ಸ್ವಾಮಿ, ಆಕಾಶದಿಂದ ಬಿದ್ದ ಕಲ್ಲು. (ಹಾಗಂತ ಮೂವತ್ತು ವರ್ಷ ನಂಬಿದ್ದೆ.)

ಚೋರನೂರು ಕಡೆಯ ಹಳ್ಳಿಯಲ್ಲಿ ನಮಗೆ ವಿಜ್ಞಾನ ಕಲಿಸಿದ ಕೊಟ್ರಪ್ಪ ಸರ್ ಅವರ ಕಲ್ಲದು. ಅವರ ಅಜ್ಜನ ಹೊಲದಲ್ಲಿ ಬಿದ್ದದ್ದಂತೆ. ಪ್ರತಿವರ್ಷ ನಕ್ಷತ್ರದ ಪಾಠದ ದಿನ ಅದನ್ನು ಟವೆಲ್‌ನಲ್ಲಿ ಸುತ್ತಿಕೊಂಡು ತರುತ್ತಿದ್ದರು. ಕಲ್ಲು ಕೈಯಿಂದ ಕೈಗೆ ದಾಟುತ್ತಿತ್ತು.

"ಜ್ವಾಕಿ. ಭಾಳ ದೂರದಿಂದ ಬಂದೈತಿ ಅದು," ಅನ್ನುತ್ತಿದ್ದರು ಸರ್.

ಆ ದಿನ ನಾನು ಕೈ ತೊಳೆಯದೆ ಊಟಕ್ಕೆ ಕೂತು ಅವ್ವನಿಂದ ಬೈಸಿಕೊಂಡೆ. ಆಕಾಶ ಮುಟ್ಟಿದ ಕೈಯನ್ನು ಯಾರಾದರೂ ತೊಳೆಯುತ್ತಾರೆಯೇ? ಆಗ ಗುಡ್ಡಗಳು ಹಸಿರಾಗಿದ್ದವು. ಕಲ್ಲಿಗೆ ರೇಟಿರಲಿಲ್ಲ. ನಮಗೆ ಕಲ್ಲು ಬೇಕಾಗುತ್ತಿದ್ದದ್ದು ಹುಣಸೆಕಾಯಿ ಉದುರಿಸಲು ಮಾತ್ರ.

ಈಗ ಸರ್‌ಗೆ ಎಂಬತ್ತರ ಹತ್ತಿರ, ಸಂಡೂರಿನಲ್ಲೇ ಇದ್ದಾರೆ. ಕಲ್ಲನ್ನು ಶಾಲೆಗೆ ಕೊಡಬೇಕೆಂದು ಪುಟ್ಟ ಗಾಜಿನ ಪೆಟ್ಟಿಗೆ ಮಾಡಿಸಿ, "ಆಕಾಶದಿಂದ ಬಿದ್ದ ಕಲ್ಲು" ಎಂಬ ಚೀಟಿಯನ್ನೂ ಬರೆದಿಟ್ಟಿದ್ದರು. ಹೊಸ ಹೆಡ್‌ಮಾಸ್ಟರ್ ಸರ್ಟಿಫಿಕೇಟ್ ಇದೆಯಾ ಎಂದು ಕೇಳಿದರು. (ಕೇಳಿದ್ದು ತಪ್ಪಲ್ಲ ಬಿಡಿ.)

"ನೀ ಪೇಪರ್‌ನ್ಯಾಗ ನಕ್ಷತ್ರದ ಸುದ್ದಿ ಬರೀತಿ. ನೀನ ಟೆಸ್ಟ್ ಮಾಡಿಸ್ಕೊಂಡು ಬಾರಪಾ," ಅಂದರು ಸರ್.

ಉಲ್ಕೆಯ ಕಬ್ಬಿಣವಾದರೆ ನಿಕಲ್ ಬೆರೆತಿರಬೇಕು. ಲ್ಯಾಬ್‌ನ ಕೆಮಿಸ್ಟ್ ಒಂದು ಚೂರು ಕೆತ್ತಿ ತೆಗೆದುಕೊಂಡ. ಸಂಜೆ ರಿಪೋರ್ಟ್ ಕೈಗಿಟ್ಟ.

"ನಿಕಲ್ ಇಲ್ರಿ. ಇದು ನಮ್ಮ ಗುಡ್ಡದ್ದ. ಆದ್ರ ಕಬ್ಬಿಣ ಭಾಳ, ಗ್ರೇಡ್ ಮಸ್ತ್ ಐತಿ," ಅಂದವನು ದನಿ ತಗ್ಗಿಸಿದ. "ಎಲ್ಲಿ ಸಿಕ್ಕೈತ್ರಿ? ಎಷ್ಟು ಎಕರೆ?"

ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ರಿಪೋರ್ಟಿಗೆಂದು ಕೊಟ್ಟಿದ್ದ ನನ್ನ ಮೊಬೈಲ್ ನಂಬರ್ ಅವನ ಬಳಿ ಉಳಿಯಿತು.

ಮರುದಿನ ಸರ್ ಮನೆಗೆ ಹೋದೆ. ಕಲ್ಲನ್ನು ಅವರ ಮುಂದಿಟ್ಟು ಎಲ್ಲಿಂದಲೋ ಶುರು ಮಾಡಿದೆ. ದೊಡ್ಡ ನಕ್ಷತ್ರವೊಂದು ತನ್ನ ಒಡಲಲ್ಲಿ ಹಗುರ ಧಾತುಗಳನ್ನು ಬೆಸೆದು ಭಾರದ ಧಾತು ಮಾಡುತ್ತ ಉರಿಯುತ್ತದೆ. ಕೊನೆಗೆ ಕಬ್ಬಿಣ. ಕಬ್ಬಿಣವನ್ನು ಬೆಸೆದರೆ ಶಾಖ ಹುಟ್ಟುವುದಿಲ್ಲ. ಒಲೆ ಆರಿತು, ನಕ್ಷತ್ರದ ನಡುಭಾಗ ಕ್ಷಣದಲ್ಲಿ ಕುಸಿಯಿತು, ಉಳಿದದ್ದು ಸಿಡಿದು ಚೆಲ್ಲಾಪಿಲ್ಲಿ. ಈಗ ಬಾಹ್ಯಾಕಾಶದಲ್ಲಿರುವ ಎಕ್ಸ್‌ರೇ ದುರ್ಬೀನುಗಳು ಹಾಗೆ ಸಿಡಿದ ನಕ್ಷತ್ರದ ಮೋಡದಲ್ಲಿ ಕಬ್ಬಿಣವನ್ನೇ ಗುರುತಿಸಿವೆ. ಅಂಥ ನಕ್ಷತ್ರಗಳ ಧೂಳಿನಿಂದಲೇ ಭೂಮಿ ಆದದ್ದು. ನಮ್ಮ ಗುಡ್ಡದಲ್ಲಿರುವುದೂ ಅದೇ, ನಮ್ಮ ರಕ್ತದಲ್ಲಿರುವುದೂ ಅದೇ.

"ಸುತ್ತಿ ಬಳಸಿ ಹೇಳಬ್ಯಾಡ. ಬಿದ್ದದ್ದು ಹೌದೋ, ಅಲ್ಲೋ?"

"ಅಲ್ರೀ ಸರ."

ಸರ್ ಕಲ್ಲಿನ ಮೇಲೆ ಕೈಯಿಟ್ಟರು. "ಅಷ್ಟು ಮಕ್ಕಳಿಗೆ ಸುಳ್ಳು ಹೇಳಿಬಿಟ್ನಲ್ಲೋ," ಅಂದರು. ನನಗೆ ಅಳು ಬಂತು.

"ಸುಳ್ಳಲ್ರೀ ಸರ. ಆಕಾಶದ್ದ ಐತಿ. ನಡುವ ಒಂದು ಗುಡ್ಡ ಬಂತು, ಅಷ್ಟ."

ಅವರು ಪೆಟ್ಟಿಗೆಯಿಂದ ಹಳೆಯ ಚೀಟಿ ಕಿತ್ತರು. ಇನ್ನೊಂದರಲ್ಲಿ ಬರೆದರು: "ನಮ್ಮ ಗುಡ್ಡದ ಕಲ್ಲು. ಇದರ ಕಬ್ಬಿಣ ನಕ್ಷತ್ರದಲ್ಲಿ ಹುಟ್ಟಿದ್ದು."

"ಇದಕ್ಕೂ ಸರ್ಟಿಫಿಕೇಟ್ ಕೇಳ್ತಾರೇನು?" ಅಂದು ನನ್ನತ್ತ ನೋಡಿದರು. ಮುಖದಲ್ಲಿ ಹಳೆಯ ಮೇಷ್ಟ್ರು ಮರಳಿದ್ದರು.

ಅಷ್ಟರಲ್ಲಿ ನನ್ನ ಮೊಬೈಲ್ ರಿಂಗಾಯಿತು. ಅದೇ ಕೆಮಿಸ್ಟ್. ಜೊತೆಗೆ ಅದಿರು ಕೊಳ್ಳುವ ಯಾರೋ ಪಾರ್ಟಿ ಇದ್ದಾರಂತೆ, ಉಳಿದ ಮಾಲು ಎಲ್ಲಿದೆ ಎಂದು ಜಲ್ದಿ ಹೇಳಬೇಕಂತೆ. ಫೋನಿಗೆ ಕೈ ಅಡ್ಡ ಹಿಡಿದು ಸರ್‌ಗೆ ಹೇಳಿದೆ.

ಸರ್ ಬೆರಳು ಮೇಲೆತ್ತಿದರು. "ಉಳಿದದ್ದು ಮ್ಯಾಲೈತಿ ಅನ್ನು. ಗಣಿಗೆ ಲೀಸ್ ತಗೋತಾರೇನು ಕೇಳು."

ನಾನು ಕೇಳಲಿಲ್ಲ. ಆ ಪಾರ್ಟಿ ಹ್ಞೂಂ ಅಂದುಬಿಟ್ಟರೆ?